ಚಾಕಿ ಮನೆಯ ಕರಿಕಾಳು

ಅಂಗಳದ ಟಾರ್ಪಾಲಿನ ಮೇಲೆ ಹರಡಿದ್ದ ಕರಿಕಾಳನ್ನು ಮಮತ ಮೊದಲು ಹುಚ್ಚೆಳ್ಳು ಅಂದುಕೊಂಡಳು. ಹತ್ತಿರ ಹೋದಾಗ ಬ್ಲೀಚಿಂಗ್ ಪೌಡರಿನ ಘಾಟು ಮೂಗಿಗೆ ಹೊಡೆಯಿತು. ಪಾಪಕ್ಕ ಕುಕ್ಕುರುಗಾಲಲ್ಲಿ ಕೂತು ಆ ಕಾಳನ್ನು ಅಂಗೈಯಿಂದ ಮಗುಚುತ್ತಿದ್ದಳು. ಪಕ್ಕದಲ್ಲಿ ಮೈಯೆಲ್ಲ ತೂತಿನ ಸ್ಟೀಲ್ ಡಬ್ಬಿ ಬೋರಲು ಬಿದ್ದಿತ್ತು.

"ಇದನ್ನ ಯಾರು ತೊಳೆದಿದ್ದು ಪಾಪಕ್ಕ?"

"ಇನ್ಯಾರು ತೊಳೀತಾರೆ, ನಾನೇ. ಮೂರು ನೀರು ಹಾಕಿ ತೊಳ್ದಿದೀನಿ. ಮೊದಲ್ನೇ ನೀರು ನೋಡ್ಬೇಕಿತ್ತು ನೀವು, ಕಾಡಿಗೆ ಕದಡಿದಂಗಿತ್ತು." ಪಾಪಕ್ಕನ ದನಿಯಲ್ಲಿ ಹೆಮ್ಮೆಯಿತ್ತು.

ತಪ್ಪು ಅವಳದಲ್ಲ. ಮೊಟ್ಟೆಯೊಡೆದ ರೇಷ್ಮೆ ಹುಳುವನ್ನು ಹತ್ತು ದಿನ ಸಾಕಿ, ಎರಡನೆಯ ಜ್ವರ ಎದ್ದ ಮೇಲೆ, ಅಂದರೆ ಎರಡು ಸಲ ಪೊರೆ ಕಳಚಿದ ಮೇಲೆ, ರೈತರಿಗೆ ಕೊಡುವುದು ಚಾಕಿ ಮನೆಯ ಕೆಲಸ. ಕೂದಲೆಳೆಯಷ್ಟಿರುವ ಆ ಹುಳು ಕಣ್ಣಿಗೆ ಕಾಣದ ಕೊಳೆಗೂ ಸಾಯುತ್ತದೆ. ಆದ್ದರಿಂದ ಪ್ರತಿ ಸಲ ಮೊಟ್ಟೆ ತರುವ ಮೊದಲು ಗೋಡೆ, ನೆಲ, ಟ್ರೇ, ಸ್ಟ್ಯಾಂಡು, ಸೊಪ್ಪು ಕತ್ತರಿಸುವ ಹಲಗೆ, ಒಳಗೆ ಹಾಕಿಕೊಳ್ಳುವ ಚಪ್ಪಲಿ, ಎಲ್ಲವೂ ಬ್ಲೀಚಿಂಗ್ ನೀರಿನಲ್ಲಿ ಮುಳುಗಿ ಏಳಬೇಕು. ತೊಳೆಯದ ಒಂದು ಚಮಚವನ್ನೂ ಒಳಗೆ ಬಿಡುವುದಿಲ್ಲ ಎಂಬುದೇ ಈ ಮನೆಗಿದ್ದ ಹೆಸರು. ಹೊಸದಾಗಿ ಬಂದ ಡಬ್ಬಿಯೊಂದನ್ನು ಮಾತ್ರ ತೊಳೆಯಬೇಡ ಎಂದು ಪಾಪಕ್ಕನಿಗೆ ಹೇಳಿದವರಾರು?

ಹೇಳಬೇಕಾಗಿದ್ದವಳು ಮಮತಳೇ.

ಮದುವೆಗೆ ಮೊದಲು ಅವಳು ಎರಡು ವರ್ಷ ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯ ಲ್ಯಾಬಿನಲ್ಲಿದ್ದಳು. ಬೆಂಕಿ ಆರಿಸುವವರು, ಗಣಿಯವರು ಮುಖಕ್ಕೆ ಕಟ್ಟಿಕೊಳ್ಳುವ ಮುಸುಕಿನ ಡಬ್ಬಿಗಳನ್ನು ಅಲ್ಲಿ ತುಂಬುತ್ತಿದ್ದರು. ತಾಮ್ರ ಮತ್ತು ಮ್ಯಾಂಗನೀಸಿನ ಆಕ್ಸೈಡು ಬೆರೆಸಿ ಮಾಡಿದ ಕರಿಕಾಳು. ಇದ್ದಿಲಿನಿಂದ, ಗಾಡಿಯ ಹೊಗೆಯಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡು ಎಂಬ ವಿಷಗಾಳಿ ಆ ಕಾಳಿನ ಮೈ ತಾಗಿದರೆ ಸಾಕು, ಆಮ್ಲಜನಕ ಸೇರಿಸಿಕೊಂಡು, ನಾವು ಉಸಿರಿನಲ್ಲಿ ಬಿಡುವ ಸಾಮಾನ್ಯ ಗಾಳಿಯಾಗಿ ಎದ್ದು ಹೋಗುತ್ತದೆ. ಬೆಂಕಿ ಬೇಡ, ಬಿಸಿ ಬೇಡ. ಕಾಳು ತಾನು ಸವೆಯುವುದೂ ಇಲ್ಲ. ಇದನ್ನು ಅವಳು ಹೋದ ದೀಪಾವಳಿಯ ಊಟದ ಹೊತ್ತಿನಲ್ಲಿ ಭಾವನ ಮುಂದೆ ಹೇಳಿದ್ದಳು.

ಭಾವ ಎಂದರೆ ಗಂಡನ ಅಣ್ಣ ಕೆಂಪರಾಜ್. ಆವತಿಗೆ ಎರಡು ಮೈಲಿ ಈಚೆ ಇರುವ ಚಾಕಿ ಮನೆ ಅವನ ಹೆಸರಿನಲ್ಲಿದೆ, ಅವನ ಮಾತಿನಲ್ಲೇ ನಡೆಯುತ್ತದೆ. ಮಮತಳ ಗಂಡ ಮಂಜೇಶ ಹುಳು ಸಾಗಿಸುವ ವ್ಯಾನ್ ಓಡಿಸುತ್ತಾನೆ. ಎಂಎಸ್ಸಿ ಓದಿದ ತಮ್ಮನ ಹೆಂಡತಿಯನ್ನು ಕೆಂಪರಾಜ್ ಮೂರು ವರ್ಷದಿಂದ 'ಕೆಮಿಸ್ಟ್ರಿ ಮೇಡಮ್ಮು' ಎಂದು ಆಡಿಕೊಂಡೇ ಬಂದಿದ್ದ. ಆದರೆ ಅವತ್ತು ರಾತ್ರಿ, ಕೈಯಲ್ಲಿದ್ದ ತುತ್ತು ಹಾಗೇ ಹಿಡಿದು, ಅವಳ ಮಾತನ್ನು ಕೇಳಿದ. ಮೊದಲ ಸಲ ಕೇಳಿದ. ಕಾರಣವಿತ್ತು. ಹಿಂದಿನ ಚಳಿಗಾಲದಲ್ಲಿ ಇದ್ದಿಲ ಒಲೆಯಿಟ್ಟು ಬಾಗಿಲು ಹಾಕಿಕೊಂಡಿದ್ದ ಪಾಪಕ್ಕ ಟ್ರೇಗಳ ಮಧ್ಯೆ ಕುಸಿದು ಬಿದ್ದಿದ್ದಳು. ಆಮೇಲೆ ಬಾಗಿಲು ಓರೆ ಮಾಡಿಟ್ಟು, ಪಾಪಕ್ಕ ಜಗುಲಿಯಲ್ಲಿ ಮಲಗಿ, ಗಂಟೆಗೊಮ್ಮೆ ಎದ್ದು ಒಳಗೆ ಹೋಗಿ ಬರುವಂತಾಗಿತ್ತು. ಒಳಗೆ ಬಿಸಿ ಉಳಿಯದೆ ಹುಳು ಏರುಪೇರಾಗಿ ಬೆಳೆದಿದ್ದವು. ಆ ವಿಷಗಾಳಿಯನ್ನೇ ತೆಗೆದುಹಾಕುವ ವಸ್ತುವೊಂದಿದೆ ಎಂದರೆ ಯಾರು ತಾನೆ ಕೇಳುವುದಿಲ್ಲ?

'ಆದರೆ ಅದಕ್ಕೆ ತೇವ ಆಗಿಬರುವುದಿಲ್ಲ' ಎಂಬ ಒಂದು ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಮಾತನ್ನು ತೂಗಿ ಆಡುವ ಹೆಂಗಸು ಅವಳು. ಆ ಒಂದು ಗಳಿಗೆಯಲ್ಲಿ, ಎದುರಿಗೆ ತಲೆದೂಗುತ್ತಿದ್ದ ಭಾವನನ್ನು ಕಂಡು, ಆ ಮಾತನ್ನು ನುಂಗಿದಳು. ಸುಮ್ಮನೆ ಊಟದ ಮಾತು, ಇವನೇನು ಮಾಡಿಸಲು ಹೊರಟಿದ್ದಾನೆಯೇ ಅಂದುಕೊಂಡಳು.

ಕೆಂಪರಾಜ್ ಮಾಡಿಸಿಯೇ ಬಿಟ್ಟ. ಪರಿಚಯದವನೊಬ್ಬನಿಂದ ಕಾಳು ತರಿಸಿ, ಡಬ್ಬಿ ಕಟ್ಟಿಸಿ, ಹಿಂದೆ ಒಂದು ಫ್ಯಾನ್ ಕೂರಿಸಿದ. ನೋಡಲು ಬಂದ ರೈತರಿಗೆಲ್ಲ "ನಮ್ಮ ಮಮತಂದು ಫಾರ್ಮುಲಾ" ಎಂದು ತೋರಿಸಿದ. ಡಬ್ಬಿ ಬಂದ ಮರುದಿನ ಅವಳು ತೇವದ ವಿಷಯ ಹೇಳಹೋದರೆ, "ಈಗ ರಾಗ ತೆಗೀಬೇಡ" ಎಂದು ಎದ್ದು ಹೋದ. ಈ ಸಲ ಬಾಗಿಲು ಬಿಗಿಯಾಗಿ ಹಾಕಿ, ಪಾಪಕ್ಕ ಒಳಗೇ ಮಲಗುವುದೆಂದು ತೀರ್ಮಾನವಾಯಿತು. ಡಬ್ಬಿ ಇಲ್ಲದಿದ್ದಾಗ ಅವಳು ಜಗುಲಿಯಲ್ಲಿದ್ದಳು. ಡಬ್ಬಿ ಬಂದ ಮೇಲೆ ಒಳಗೆ.

ಮಮತ ಮಂಡಿಯೂರಿ ಒಂದು ಹಿಡಿ ಕಾಳು ಎತ್ತಿಕೊಂಡಳು. ತಣ್ಣಗಿತ್ತು, ಅಂಗೈಗೆ ಅಂಟಿಕೊಂಡಿತು.

"ಮೊಟ್ಟೆ ಒಡೆಯೋದು ಯಾವತ್ತು ಪಾಪಕ್ಕ?"

"ಶುಕ್ರವಾರ ಬೆಳಗ್ಗೆ. ಗುರುವಾರ ಸಂಜೆಗೆಲ್ಲ ನೀಲಿ ತಿರುಗ್ತವೆ."

ಇನ್ನು ನಾಲ್ಕು ದಿನ.

ಮಧ್ಯಾಹ್ನ ಕೆಂಪರಾಜ್ ಮುದ್ದೆ ಮುರಿಯುವಾಗ ಅವಳು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಅತ್ತೆ ಪಿಳ್ಳಮ್ಮ ಮಗನ ತಟ್ಟೆಗೆ ಅವರೆಕಾಳಿನ ಸಾರು ಬಿಡುತ್ತಿದ್ದರು.

"ಭಾವ, ಡಬ್ಬಿ ಕೆಟ್ಟುಹೋಗಿದೆ. ಕಾಳು ತೊಳೆದುಬಿಟ್ಟಿದಾರೆ. ನೀರು ತಾಗಿದ್ರೆ ಅದು ಕೆಲಸ ಮಾಡಲ್ಲ. ಕಾರ್ಖಾನೇಲಿ ಅದನ್ನ ಸತ್ತ ಕಾಳು ಅಂತಾರೆ."

"ಕಾಳು ಸಾಯುತ್ತಾ? ಅಮ್ಮ, ಕೇಳುಸ್ಕೊಂಡ್ಯಾ? ಕಲ್ಲಿನ ಚೂರು ಸಾಯುತ್ತಂತೆ. ತಿಥಿ ಯಾವತ್ತು ಅಂತ ಕೇಳು."

"ತಮಾಷೆ ಅಲ್ಲ ಭಾವ. ಅಲ್ಲಿ ಅದನ್ನ ತುಂಬೋ ರೂಮಿಗೆ ನೀರಿನ ಬಾಟ್ಲಿ ಕೂಡ ಬಿಡ್ತಿರ್ಲಿಲ್ಲ. ಮಳೆ ದಿನ ಕೆಲಸ ನಿಲ್ಲಿಸ್ತಿದ್ರು."

"ಬಿಸಿಲಿಗೆ ಹಾಕಿದೀವಲ್ಲ. ಒಣಗುತ್ತೆ ಬಿಡು."

"ಬಿಸಿಲು ಸಾಲಲ್ಲ. ಒಣಗಿದ್ರೂ, ಚಾಕಿ ಮನೆ ಒಳಗಿರೋ ಗಾಳಿಯೇ ಒದ್ದೆ ಅಲ್ವಾ? ಒಲೆ ಪಕ್ಕ ನೀರಿನ ಟಬ್ ಇಡ್ತೀರ, ಗೋಣಿ ನೆನೆಸಿ ನೇತುಹಾಕ್ತೀರ. ಹುಳಕ್ಕೆ ಬೇಕಾದ ಗಾಳಿ ಈ ಕಾಳಿಗೆ ಆಗಲ್ಲ."

ಕೆಂಪರಾಜ್ ಬೆರಳು ನೆಕ್ಕಿಕೊಂಡು ಅವಳನ್ನು ದಿಟ್ಟಿಸಿದ. "ದೀಪಾವಳೀಲಿ ಬೆಂಕಿ ಬೇಡ, ಬಿಸಿ ಬೇಡ ಅಂತ ದೊಡ್ಡದಾಗಿ ಪಾಠ ಮಾಡ್ದೆ. ನೀರಿನ ಸುದ್ದಿ ಇರ್ಲಿಲ್ಲ ಅವಾಗ."

"ಹೇಳಬೇಕಿತ್ತು. ನನ್ನ ತಪ್ಪು."

"ತಪ್ಪಲ್ಲಮ್ಮ. ಈಗ ಊರೆಲ್ಲ ಕೆಂಪರಾಜನ ಡಬ್ಬಿ ಅಂತಾರೆ, ನಿನ್ನ ಹೆಸರು ಯಾರೂ ಎತ್ತಲ್ಲ. ಅದಕ್ಕೆ ನಿನ್ ಹೊಟ್ಟೆಗೆ ಬೆಂಕಿ ಬಿದ್ದಿದೆ."

ಪಿಳ್ಳಮ್ಮ ಸೌಟು ಕೆಳಗಿಟ್ಟರು. "ಉಣ್ಣೋ ಹೊತ್ತಲ್ಲಿ ಸಾಯೋದು ಗೀಯೋದು ಅಂತ ಏನು ಮಾತದು? ಹೋಗು, ಕೆಲ್ಸ ನೋಡು."

ಬುಧವಾರ ಅವಳು ಇನ್ನೊಂದು ದಾರಿ ಹಿಡಿದಳು. ಕಾರ್ಖಾನೆಯಲ್ಲಿ ಡಬ್ಬಿ ಸತ್ತಿದೆಯೋ ಇಲ್ಲವೋ ಎಂದು ತಿಳಿಯಲು ತೂಗುತ್ತಿದ್ದರು. ಮೊದಲ ತೂಕ ತಗಡಿನ ಮೇಲೆ ಒತ್ತಿರುತ್ತದೆ. ಅದಕ್ಕಿಂತ ಹೆಚ್ಚಾಯಿತೆಂದರೆ ಒಳಗೆ ತೇವ ಸೇರಿದೆ ಎಂದರ್ಥ, ಮೂಲೆಗೆ ಎಸೆಯಬೇಕು. ಈ ಡಬ್ಬಿಯ ಮೇಲೂ ಕಟ್ಟಿಕೊಟ್ಟವನು ಐದು ಕಿಲೋ ಇನ್ನೂರು ಗ್ರಾಂ ಎಂದು ಬರೆದಿದ್ದ. ಎರಡು ದಿನ ಬಿಸಿಲು ಕಾದ ಕಾಳನ್ನು ಪಾಪಕ್ಕ ಮತ್ತೆ ತುಂಬಿ ಮುಚ್ಚಿದ ಮೇಲೆ ಮಮತ ಅದನ್ನು ಸೊಪ್ಪು ತೂಗುವ ತಕ್ಕಡಿಗೆ ಇಟ್ಟಳು. ಐದು ಕಿಲೋ ಒಂಬೈನೂರು. ಕೆಂಪರಾಜನನ್ನು ಕರೆದು ತೋರಿಸಿದಳು.

ಅವನು ನಕ್ಕುಬಿಟ್ಟ. "ಏಳ್ನೂರು ಗ್ರಾಂ ಜಾಸ್ತಿ ಆಗಿದ್ರೆ ಒಳ್ಳೇದೇ ಅಲ್ವೇನಮ್ಮ? ಹೋದ ತಿಂಗಳು ಒಂದ್ವಾರ ಓಡಿಸಿ ನೋಡಿದ್ವಲ್ಲ, ಗ್ಯಾಸು ತಿಂದಿದೆ ಅದು. ತಿಂದೋರು ದಪ್ಪ ಆಗಲ್ವಾ?"

"ಅದು ತಿನ್ನಲ್ಲ ಭಾವ. ಗ್ಯಾಸನ್ನ ಬದಲಾಯಿಸಿ ಬಿಟ್ಟುಬಿಡುತ್ತೆ ಅಷ್ಟೆ. ಒಳಗೆ ಏನೂ ಉಳಿಯಲ್ಲ. ಈ ಏಳ್ನೂರು ಗ್ರಾಮೂ ನೀರು."

"ತಿನ್ನಲ್ಲ, ಉಳಿಯಲ್ಲ, ಸವೆಯಲ್ಲ. ಆದ್ರೆ ಸಾಯುತ್ತೆ." ಕೆಂಪರಾಜ್ ಪಾಪಕ್ಕನ ಕಡೆ ತಿರುಗಿದ. "ಏನ್ ಪಾಪಕ್ಕ, ಮೇಡಮ್ನೋರ ಮನಸ್ಸಲ್ಲಿ ಏನಿದೆ ಅಂತ ಗೊತ್ತಾಯ್ತಾ? ಇದ್ದಿಲು ಬೇಡ, ಕರೆಂಟಿನ ಹೀಟರ್ ಹಾಕಿ ಅಂತಾರೆ ಇನ್ನೊಂದ್ ಸಲಕ್ಕೆ. ಹೀಟರು ತನಗೆ ತಾನೇ ಹತ್ತುತ್ತೆ, ತನಗೆ ತಾನೇ ಆರುತ್ತೆ. ಒಲೆ ಕಾಯೋಕೆ ಆಳು ಬೇಕಾಗಲ್ಲ."

ಪಾಪಕ್ಕ ಡಬ್ಬಿಯನ್ನು ತಕ್ಕಡಿಯಿಂದ ಇಳಿಸಿ ಒಳಗೆ ಹೊತ್ತುಕೊಂಡು ಹೋದಳು. ಅವಳ ಗುಡಿಸಲು ಇವರ ಜಾಗದಲ್ಲೇ ಇತ್ತು. ಸಂಜೆ ಮಮತ ಅವಳೊಬ್ಬಳನ್ನೇ ಹಿಡಿದು, "ಒಳಗೆ ಮಾತ್ರ ಮಲಗಬೇಡ ಪಾಪಕ್ಕ, ಹೋದ ವರ್ಷ ಬಿದ್ದಿದ್ದು ನೆನಪಿಲ್ವಾ?" ಎಂದಾಗ ಉತ್ತರ ಸಿದ್ಧವಾಗಿತ್ತು.

"ಅವತ್ತು ನಾನು ಉಪವಾಸ ಇದ್ದೆ, ಬಿದ್ದೆ. ನೀವ್ಯಾಕೆ ನನ್ ಹಿಂದೆ ಬಿದ್ದಿದೀರ? ಓದಿರೋರು ಬದುಕ್ತೀರ. ಒಲೆ ಹೊರಗೆ ಹೋದ್ರೆ ಅದರ ಹಿಂದೇನೇ ನಾನೂ ಹೋಗ್ಬೇಕು."

ರಾತ್ರಿ ಮಂಜೇಶನಿಗೆ ಹೇಳಿದಳು. ಅವನು ಗೋಡೆಯ ಕಡೆ ಹೊರಳಿ ಮಲಗಿ, "ಅಣ್ಣನ ಜೊತೆ ನೀನು ಬಡಿದಾಡು, ಮಧ್ಯಕ್ಕೆ ನನ್ನ ಎಳೀಬೇಡ" ಎಂದ.

ಗುರುವಾರ ಅವಳು ತವರಿಗೆ ಹೋಗಿ ಬರುತ್ತೇನೆಂದು ಸುಳ್ಳು ಹೇಳಿ ದೊಡ್ಡಬಳ್ಳಾಪುರದ ಬಸ್ಸು ಹತ್ತಿದಳು. ಕಾರ್ಖಾನೆಯ ಗೇಟಿನ ಹೊರಗೆ, ಟೀ ಅಂಗಡಿಯ ಪಕ್ಕ, ಹಳೆಯ ಜೊತೆಗಾತಿ ಮೋನಿಷಾ ಬ್ಯಾಗಿನಿಂದ ಅಂಗೈಯಗಲದ ಹಳದಿ ಮೀಟರನ್ನು ತೆಗೆದು ಕೊಟ್ಟಳು. ವಿಷಗಾಳಿ ಎಷ್ಟಿದೆ ಎಂದು ಅಂಕೆಯಲ್ಲಿ ತೋರಿಸುವ, ಹೆಚ್ಚಾದರೆ ಕಿರುಚಿಕೊಳ್ಳುವ ಮೀಟರು.

"ಸೋಮವಾರ ಆಡಿಟ್ ಇದೆ ಕಣೆ. ಅಷ್ಟರಲ್ಲಿ ವಾಪಸ್ ಬರ್ಬೇಕು. ಬರ್ದೇ ಇದ್ರೆ ನನ್ ಕಥೆ ಮುಗೀತು."

"ಬರುತ್ತೆ."

"ಒಂದ್ ಮಾತು ಹೇಳ್ಲಾ? ಒಪ್ಪೋರಿಗೆ ಮೀಟರ್ ಬೇಕಾಗಿಲ್ಲ. ಒಪ್ಪದೇ ಇರೋರಿಗೆ ಮೀಟರೂ ಸಾಲಲ್ಲ."

ಶುಕ್ರವಾರ ಬೆಳಗ್ಗೆ ಮಂಜು ಕವಿದು ಮುಂದಿನ ತೋಟವೇ ಕಾಣುತ್ತಿರಲಿಲ್ಲ. ಮಂಜೇಶ ಸೊಪ್ಪು ತರಲು ವ್ಯಾನ್ ತೆಗೆದುಕೊಂಡು ಹೋಗಿದ್ದ. ಪಾಪಕ್ಕ ಐದು ಗಂಟೆಗೇ ಎರಡು ಇದ್ದಿಲ ಒಲೆ ಹೊತ್ತಿಸಿ, ಬೂದಿ ಕವಿಸಿ ಒಳಗಿಟ್ಟಿದ್ದಳು. ಮೊಟ್ಟೆಗಳು ಒಡೆದು ಹಾಳೆಯ ಮೇಲೆ ಕರಿಯ ಧೂಳಿನಂಥ ಹುಳು ಹರಿದಾಡುತ್ತಿದ್ದವು. ಎಲ್ಲ ಗಾಳಿಕಿಂಡಿಗೂ ಪ್ಲಾಸ್ಟಿಕ್ ಹೊಡೆದಿತ್ತು. ಡಬ್ಬಿಯ ಫ್ಯಾನು ಒಂದೇ ಸಮ ಗುಂಯ್‌ಗುಡುತ್ತಿತ್ತು.

ಏಳು ಗಂಟೆಗೆ ಪಾಪಕ್ಕ ಹಣೆ ಒತ್ತಿಕೊಳ್ಳುತ್ತ ಹೊರಗೆ ಬಂದಳು. ಮಮತ ನೋಡುತ್ತಲೇ ಇದ್ದಳು.

"ತಲೆನೋವಾ?"

"ಬ್ಲೀಚಿಂಗ್ ವಾಸ್ನೆಗೆ. ನಿಮ್ಗೇನು?"

ಮಮತ ಮಾತು ಬೆಳೆಸದೆ, ಕಾಲು ತೊಳೆದು, ಚಪ್ಪಲಿ ಬದಲಿಸಿ, ಮೀಟರು ಹಿಡಿದು ಒಳಗೆ ಹೋದಳು. ಮೀಟರು ಬಾಗಿಲಲ್ಲೇ ಕಿರುಚಲು ಶುರುಮಾಡಿತು. ಒಲೆಯ ಹತ್ತಿರ ಮುನ್ನೂರ ಹತ್ತು. ಡಬ್ಬಿಯಿಂದ ಗಾಳಿ ಹೊರಬರುವ ಕಡೆ ಹಿಡಿದಳು. ಅಲ್ಲೂ ಮುನ್ನೂರ ಹತ್ತು. ಒಳಗೆ ಹೋದ ವಿಷ ಹಾಗೇ ಹೊರಗೆ ಬರುತ್ತಿತ್ತು. ಕಾರ್ಖಾನೆಯಲ್ಲಿ ಐವತ್ತು ದಾಟಿದರೆ ಎಲ್ಲರನ್ನೂ ಹೊರಗೆ ಕಳಿಸುತ್ತಿದ್ದರು.

ಕಿರುಚುವ ಸದ್ದಿಗೆ ಕೆಂಪರಾಜ್ ಟೀ ಲೋಟ ಹಿಡಿದುಕೊಂಡೇ ಜಗುಲಿಗೆ ಬಂದ. ಹಿಂದೆ ಶಾಲು ಹೊದ್ದ ಪಿಳ್ಳಮ್ಮ.

"ಏನದು?"

"ಗ್ಯಾಸು ಅಳೆಯೋ ಮೀಟರ್ ಭಾವ. ನೀವೇ ನೋಡಿ. ಡಬ್ಬಿ ಮುಂದೆ ಎಷ್ಟಿದೆಯೋ ಹಿಂದೂ ಅಷ್ಟೇ ಇದೆ."

"ತವರಿಗೆ ಹೋಗಿದ್ದೆ ಅಂದ್ಯಲ್ಲ. ನಿಮ್ಮಪ್ಪ ಇದನ್ನೂ ಬೆಳೀತಾರಾ?"

"ಸುಳ್ಳು ಹೇಳಿದೆ. ಕಾರ್ಖಾನೆಯಿಂದ ತಂದೆ."

"ನೋಡಮ್ಮ ನಿನ್ ಸೊಸೆಯ! ಮನೇಲಿ ಸುಳ್ಳು ಹೇಳಿ, ಯಾವನ ಹತ್ರಾನೋ ಮಿಷನ್ ತಂದು, ಹುಳ ಇಳಿಸೋ ಶುಭದಿನ ಚಾಕಿ ಮನೇಲಿ ಕಿರುಚುಸ್ತಾಳೆ. ನಿನ್ ಮಿಷನ್ನು ನೀನು ಹೇಳಿದ್ದನ್ನೇ ಹೇಳುತ್ತೆ. ನನ್ ಮೂಗಿಗೆ ಏನೂ ವಾಸ್ನೆ ಇಲ್ಲ."

"ಅದಕ್ಕೆ ವಾಸನೆ ಇಲ್ಲ ಭಾವ. ಅದೇ ಅದರ ಅಪಾಯ."

"ವಾಸ್ನೆ ಇಲ್ಲ, ಬಣ್ಣ ಇಲ್ಲ, ಕಣ್ಣಿಗೆ ಕಾಣಲ್ಲ. ನಿನ್ಗೊಬ್ಳಿಗೇ ಕಾಣೋದು!"

ಪಿಳ್ಳಮ್ಮ ನಡುವೆ ಬಂದರು. "ಮಮತ, ಆ ಯಂತ್ರ ಆರ್ಸು. ಸಾಕು ಮಾಡು. ಪಾಪಕ್ಕ, ಒಳಗೆ ನಡಿ, ಬಾಗ್ಲು ತೆರ್ಕೊಂಡು ಬಿಸಿಯೆಲ್ಲ ಹೋಗ್ತಿದೆ."

ಪಾಪಕ್ಕ ಹೊಸ್ತಿಲಿಗೆ ಕಾಲಿಟ್ಟಳು. ಆಗ ಮಮತಳ ಬಾಯಿಂದ, ತೂಗದೆ, ಆ ಮಾತು ಬಂತು.

"ಅವಳು ಯಾಕೆ ಹೋಗಬೇಕು? ಡಬ್ಬಿ ಮೇಲೆ ಅಷ್ಟು ನಂಬಿಕೆ ಇದ್ರೆ ನೀವೇ ಹೋಗಿ ಕೂತ್ಕೊಳ್ಳಿ ಭಾವ. ಅವಳು ರಾತ್ರಿಯೆಲ್ಲ ಇರೋ ಜಾಗದಲ್ಲಿ ನೀವು ಒಂದೇ ಒಂದು ಗಂಟೆ ಇರಿ."

ಕೆಂಪರಾಜ್ ಲೋಟವನ್ನು ಕಟ್ಟೆಯ ಮೇಲೆ ಕುಕ್ಕಿದ.

"ಕೂತ್ಕೋತೀನಿ. ನಾನು ನೆಟ್ಟಗೆ ನಡ್ಕೊಂಡು ಆಚೆ ಬಂದ್ರೆ, ಇವತ್ತಿಂದ ನೀನು ಈ ಚಾಕಿ ಮನೆ ಹೊಸ್ತಿಲು ತುಳಿಯಂಗಿಲ್ಲ. ಡಬ್ಬಿ ಅನ್ನೋ ಮಾತು ಬಾಯಲ್ಲಿ ಬರಂಗಿಲ್ಲ. ಆಯ್ತಾ?"

ಬೇಡ ಎನ್ನಬೇಕು ಎಂದು ಅವಳಿಗೆ ಗೊತ್ತಿತ್ತು. "ಮೀಟರ್ ಒಳಗೆ ಇರಲಿ" ಎಂದಳು. "ಕಿಟಕಿ ಗಾಜಿಗೆ ಮುಖ ಮಾಡಿ ಇಡಿ. ನನಗೆ ಅಂಕೆ ಕಾಣಬೇಕು."

ಅವನು ಮೀಟರು ಕಿತ್ತುಕೊಂಡು ಒಳಗೆ ಹೋಗಿ ಬಾಗಿಲು ಹಾಕಿದ. ಚಿಲಕ ಬಿದ್ದ ಸದ್ದು ಕೇಳಿತು. ಅದನ್ನು ಅವಳು ನಿರೀಕ್ಷಿಸಿರಲಿಲ್ಲ. ಬಾಗಿಲ ಪಕ್ಕದ ಕಿಟಕಿಗೆ ಸರಳುಗಳ ಹಿಂದೆ ಒಂದೇ ಗಾಜು, ತೆರೆಯಲು ಬಾರದ್ದು. ಅದರೊಳಗಿಂದ ನೋಡಿದಳು. ಕೆಂಪರಾಜ್ ಮೂಲೆಯ ಮೂಟೆಯಿಂದ ಇದ್ದಿಲು ತಂದು, ಅವಳಿಗೆ ಕಾಣುವಂತೆಯೇ, ಎರಡೂ ಒಲೆಗೆ ಸುರಿದ. ರಟ್ಟಿನಿಂದ ಬೀಸಿದ. ಮೀಟರಿನ ಅಂಕೆ ಏರುತ್ತ ಹೋಯಿತು. ಆರುನೂರ ನಲವತ್ತು ಆದಾಗ ಅವನು ಅದನ್ನು ಕಿಟಕಿಯಿಂದ ಎತ್ತಿ, ಹಲ್ಲು ಕಿರಿದು, ಒಲೆಯ ಪಕ್ಕದ ನೀರಿನ ಟಬ್ಬಿಗೆ ಹಾಕಿದ. ಕಿರುಚಾಟ ನಿಂತಿತು.

"ಈಗ ಸುಮ್ನಾಯ್ತು" ಎಂದರು ಪಿಳ್ಳಮ್ಮ, ಮತ್ತು ಟೀ ಲೋಟ ತೆಗೆದುಕೊಂಡು ಒಳಮನೆಗೆ ಹೋದರು.

ಅಂಕೆ ಹೋದ ಮೇಲೆ ಮಮತಳಿಗೆ ಉಳಿದದ್ದು ಗಡಿಯಾರ, ಮತ್ತು ಕಿಟಕಿ. ಏಳೂಕಾಲು. ಕೆಂಪರಾಜ್ ಸೊಪ್ಪಿನ ಸ್ಟೂಲಿನ ಮೇಲೆ ಕೂತು ಗೋಡೆಗೆ ಒರಗಿ ಫೋನು ನೋಡುತ್ತಿದ್ದ. ಆಗಾಗ ತಲೆಯೆತ್ತಿ ಅವಳ ಕಡೆ ಕೈಬೀಸಿದ. ಏಳೂವರೆಗೆ ಅಂಗಿಯ ಮೇಲಿನ ಗುಂಡಿ ಬಿಚ್ಚಿದ. ಏಳೂ ನಲವತ್ತಕ್ಕೆ ಹಣೆ ತಿಕ್ಕಿಕೊಂಡ.

"ಭಾವ, ಸಾಕು. ಬನ್ನಿ ಆಚೆ" ಎಂದು ಗಾಜಿಗೆ ಬಡಿದಳು.

ಅವನು ಕೈಯಲ್ಲೇ 'ಹೋಗು' ಎಂದ. ಸ್ವಲ್ಪ ಹೊತ್ತಿಗೆ ಕೈಬೀಸುವುದು ನಿಂತಿತು. ಫೋನು ಮುಖದ ಹತ್ತಿರ ಬಂತು, ಮತ್ತೆ ದೂರ ಹೋಯಿತು, ಅಕ್ಷರ ಕೂಡಿಸಲಾಗದವನ ಹಾಗೆ. ಏಳೂ ಐವತ್ತೈದಕ್ಕೆ ಅದು ಬೆರಳುಗಳ ಮಧ್ಯದಿಂದ ಜಾರಿ ನೆಲಕ್ಕೆ ಬಿತ್ತು. ಅವನು ಅದನ್ನು ಎತ್ತಿಕೊಳ್ಳಲು ಬಗ್ಗಲಿಲ್ಲ.

ಮಮತ ನೋಡುತ್ತ ನಿಂತಳು.

ಅವನು ಹಾಗೇ ಕಣ್ಣು ಮುಚ್ಚಿದ್ದಾನೆ ಅಷ್ಟೆ. ಈಗ ಬಾಗಿಲು ಒಡೆದರೆ, ನಿದ್ದೆ ಬಂದಿತ್ತು ಅನ್ನುತ್ತಾನೆ. ನೆಟ್ಟಗೆ ನಡೆದುಕೊಂಡು ಬರುತ್ತಾನೆ. ಸಂಜೆಗೆ ಪಾಪಕ್ಕ ಒಳಗೆ ಹೋಗುತ್ತಾಳೆ. ಇನ್ನು ಸ್ವಲ್ಪ. ಅನುಮಾನಕ್ಕೆ ಎಡೆಯಿಲ್ಲದಷ್ಟು. ಅವನ ಗದ್ದ ಎದೆಗೆ ತಗುಲಿತು. ಒಂದು ಕೈ ಸ್ಟೂಲಿನಿಂದ ಕೆಳಗೆ ಜೋತುಬಿತ್ತು. ಇನ್ನು ಸ್ವಲ್ಪ. 'ಕೆಮಿಸ್ಟ್ರಿ ಮೇಡಮ್ಮು' ಎಂದು ಮೂರು ವರ್ಷ ಅಂದ ಬಾಯಿ ಈಗ ಅರ್ಧ ತೆರೆದಿತ್ತು.

ಪಕ್ಕದಲ್ಲಿ ಯಾರೋ ಇದ್ದಾರೆನಿಸಿ ತಿರುಗಿದಳು. ಪಾಪಕ್ಕ ಕಿಟಕಿಯನ್ನು ನೋಡುತ್ತಿರಲಿಲ್ಲ, ಇವಳ ಮುಖವನ್ನು ನೋಡುತ್ತಿದ್ದಳು.

ಮಮತ ಗಡಿಯಾರ ನೋಡಿದಳು. ಏಳೂ ಐವತ್ತೊಂಬತ್ತು. ಫೋನು ಬಿದ್ದು ನಾಲ್ಕು ನಿಮಿಷ.

ಜಗುಲಿಯ ಮೇಲಿದ್ದ ರುಬ್ಬುಗುಂಡು ಕೈಗೆ ಬಂತು. ಸರಳುಗಳ ಮಧ್ಯೆ ಅದರಿಂದ ಗುದ್ದಿದಳು. ಗಾಜು ಒಳಕ್ಕೆ ಸಿಡಿದು ಬಿತ್ತು. "ಹಾರೆ ತಾ ಪಾಪಕ್ಕ, ಹಾರೆ!" ಪಾಪಕ್ಕ ಆಗಲೇ ಓಡಿದ್ದಳು. ಬಾಗಿಲ ಸಂದಿಗೆ ಹಾರೆ ಕೊಟ್ಟು ಇಬ್ಬರೂ ಮೈಭಾರ ಹಾಕಿದರು. ಮೂರನೆಯ ಸಲಕ್ಕೆ ಚಿಲಕ ಕಿತ್ತು ಬಂತು. ಉಸಿರು ಬಿಗಿಹಿಡಿದು ಒಳಗೆ ನುಗ್ಗಿ, ತೋಳು ಹಿಡಿದು ಎಳೆದು, ಅಂಗಳದ ಮಂಜಿನಲ್ಲಿ ಅವನನ್ನು ಕೆಡವಿದರು. ಅವನ ಕೆನ್ನೆ ಕೆಂಪಗಿತ್ತು. ಸ್ವಲ್ಪ ಹೊತ್ತಿಗೆ ಕೆಮ್ಮಿದ, ಮಗ್ಗುಲಿಗೆ ಹೊರಳಿ ವಾಂತಿ ಮಾಡಿಕೊಂಡ, ಎದ್ದು ಕೂರಲು ಹೋಗಿ ಬಿದ್ದ.

ಪಿಳ್ಳಮ್ಮ ಎದೆ ಬಡಿದುಕೊಳ್ಳುತ್ತ ಓಡಿಬಂದರು. "ನನ್ ಮಗನ್ನ ಕೂಡಿಹಾಕಿ ಕೊಂದ್ಳಪ್ಪೋ!" ಎಂಬ ಕೂಗು ತೋಟದಾಚೆಗೂ ಕೇಳಿತು. ನೆರೆಯವರ ಕಾರು ಬಂತು. ದೇವನಹಳ್ಳಿಯ ಆಸ್ಪತ್ರೆಯಲ್ಲಿ ಸಂಜೆಯವರೆಗೆ ಆಮ್ಲಜನಕ ಕೊಟ್ಟರು. "ಇದ್ದಿಲ ಗಾಳಿ. ಇನ್ನು ಹತ್ತು ನಿಮಿಷ ಆಗಿದ್ರೆ ಇಲ್ಲಿಗೆ ತರೋದೇ ಬೇಕಿರಲಿಲ್ಲ" ಎಂದು ವೈದ್ಯರು ಮಂಜೇಶನಿಗೆ ಹೇಳಿದರು. ಮಂಜೇಶ ಅದನ್ನು ಮನೆಗೆ ಬಂದು ಹೇಳಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಷ್ಟರಲ್ಲಿ ಊರಿನಲ್ಲಿ ಬೇರೆಯೇ ಸುದ್ದಿ ಹಬ್ಬಿತ್ತು. ತಮ್ಮನ ಹೆಂಡತಿ ಹೊರಗಿನಿಂದ ಚಿಲಕ ಹಾಕಿದ್ದಳಂತೆ.

ಕೆಂಪರಾಜನನ್ನು ಮರುದಿನ ಕರೆತಂದು ನಡುಮನೆಯ ಮಂಚದ ಮೇಲೆ ಮಲಗಿಸಿದರು. ನೋಡಲು ಬಂದವರಿಗೆ ಅವನು, "ಬೆಳಗ್ಗೆ ಏನೂ ತಿಂದಿರ್ಲಿಲ್ಲ, ಪಿತ್ತ ಕೆದರ್ತು" ಎಂದ. ಸಂಜೆ ಚಳಿ ಇಳಿಯುತ್ತಿದ್ದಂತೆ ಪಿಳ್ಳಮ್ಮ, "ಪಾಪಕ್ಕನಿಗೆ ಹೇಳು, ಒಲೆ ಹಚ್ಚಿ ಒಳಗಿಡ್ಲಿ, ಹುಳ ಸೆಟೆದುಹೋಗ್ತವೆ" ಎಂದು ಮಂಜೇಶನನ್ನು ಕೂಗಿದರು.

"ಒಲೆ ಬೇಡ" ಎಂದ ಕೆಂಪರಾಜ್ ಮಂಚದಿಂದಲೇ. "ಒಳಮನೆ ಹೀಟರ್ ತಂದು ಹಾಕು. ಬಾಗ್ಲು ಓರೆ ಇರ್ಲಿ. ಪಾಪಕ್ಕ ಜಗುಲೀಲಿ ಮಲಗ್ಲಿ, ಕರೆಂಟು ಹೋದ್ರೆ ನೋಡ್ಕೋಬೇಕಲ್ಲ." ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಮತಳ ಕಡೆ ಅವನು ತಿರುಗಲಿಲ್ಲ. ಗೋಡೆಯನ್ನು ನೋಡುತ್ತಲೇ ಮುಂದುವರಿಸಿದ. "ಮತ್ತೆ ಇವಳನ್ನ ಅವರಮ್ಮನ ಮನೆಗೆ ಬಿಟ್ಟು ಬಾ. ಈ ಬೆಳೆ ಮುಗಿಯೋವರೆಗೂ ನನ್ ಕಣ್ಣಿಗೆ ಬೀಳ್ಬಾರ್ದು. ಹುಳ ಏನಾದ್ರೂ ಕೆಟ್ರೆ ಅದು ಇವಳ ತಲೆ ಮೇಲೆ."

ಮಂಜೇಶ ಹೀಟರ್ ಇಟ್ಟು ಬಂದು, ವ್ಯಾನಿನ ಬೀಗದ ಕೈ ಹುಡುಕಲು ಹೋದ.

ಮಮತ ಎರಡು ಸೀರೆ, ನೀರು ಕುಡಿದು ಕೆಟ್ಟ ಮೀಟರು, ಇಷ್ಟನ್ನು ಚೀಲಕ್ಕೆ ತುಂಬಿದಳು. ಮೋನಿಷಾಳಿಗೆ ಏನು ಹೇಳುವುದೆಂದು ಇನ್ನೂ ತೋಚಿರಲಿಲ್ಲ. ವ್ಯಾನು ಹತ್ತುವ ಮೊದಲು ಚಾಕಿ ಮನೆಯ ಕಡೆ ನಡೆದಳು. ಒಡೆದ ಗಾಜಿಗೆ ಗೋಣಿ ಕಟ್ಟಿತ್ತು. ಓರೆಯಾದ ಬಾಗಿಲ ಸಂದಿಯಲ್ಲಿ ಹೀಟರಿನ ತಂತಿ ಕೆಂಪಗೆ ಉರಿಯುತ್ತಿತ್ತು. ಜಗುಲಿಯಲ್ಲಿ ಪಾಪಕ್ಕ ಕಂಬಳಿ ಹೊದ್ದು ಸೊಪ್ಪು ಕತ್ತರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ತಲೆನೋವು ಹೋಯ್ತಾ ಪಾಪಕ್ಕ?"

ಕತ್ತಿ ಹಲಗೆಯ ಮೇಲೆ ಟಕಟಕ ಆಡಿತು. ಪಾಪಕ್ಕ ಹೇಳಿದಳು. "ನೀವು ನೋಡ್ತಾ ನಿಂತಿದ್ರಿ. ಫೋನು ಬಿದ್ಮೇಲೂ ನಿಂತಿದ್ರಿ. ನಾನು ಯಾರಿಗೂ ಹೇಳಿಲ್ಲ."

"ಕೇಳಿದ್ರೆ ಹೇಳು. ಅದು ನಿಜ."

"ನನ್ನ ಯಾರು ಕೇಳ್ತಾರೆ?" ಪಾಪಕ್ಕ ಕತ್ತರಿಸಿದ ಸೊಪ್ಪನ್ನು ಮೊರಕ್ಕೆ ಬಳಿದುಕೊಂಡು ಎದ್ದಳು. ಕಾಲು ತೊಳೆದು, ಬಾಗಿಲನ್ನು ಭುಜದಿಂದ ತಳ್ಳಿ ಒಳಗೆ ಹೋಗುವವಳನ್ನು ಮಮತ ಕೂಗಿದಳು.

"ಪಾಪಕ್ಕ, ಬಾಗಿಲು ಮಾತ್ರ..."

"ಗೊತ್ತು, ಹೋಗಿ ನೀವು."

ಬಾಗಿಲು ಓರೆಯಾಗಿಯೇ ನಿಂತಿತು. ರಸ್ತೆಯಲ್ಲಿ ಮಂಜೇಶ ಎರಡು ಸಲ ಹಾರ್ನ್ ಒತ್ತಿದ.